ಮೈಕ್ ಗೇನ್ ಏರಿಸುವ ಮುನ್ನ: 40 ಮೀಟರ್ ಬ್ಯಾಂಡಿನಲ್ಲಿ ನನ್ನಿಂದಾದ ತೊಂದರೆ

ಹೊಸ ಮೈಕ್ ಕೊಂಡು ರಿಗ್ಗಿನ (ರೇಡಿಯೋ ಸೆಟ್ಟಿನ) ಮೆನುವಿನಲ್ಲಿ ಈಕ್ವಲೈಸರ್ (ತಗ್ಗು, ಮೇಲು ಸ್ವರಗಳನ್ನು ಏರಿಳಿಸುವುದು), ಕಂಪ್ರೆಸರ್‌ಗಳನ್ನು (ಮೆಲ್ಲಗಿನ ಸದ್ದನ್ನು ಮೇಲಕ್ಕೆತ್ತುವುದು) ಹೊಂದಿಸಲು ಹೊರಟಿರುವ ಹ್ಯಾಮ್ (ಹವ್ಯಾಸಿ ರೇಡಿಯೋ) ಮಿತ್ರರೆಲ್ಲರೂ, ಅದರಲ್ಲೂ ಎಸ್‌ಎಸ್‌ಬಿಗೆ (ಒಂದೇ ಬದಿಯ ತರಂಗಪಟ್ಟಿಯಲ್ಲಿ ಧ್ವನಿ ಕಳಿಸುವ ವಿಧಾನಕ್ಕೆ) ಹೊಸಬರಾದವರು, ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಸುಮಾರು ಆರು ವಾರಗಳ ಕಾಲ ನಾನು 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್‌ನ ಹ್ಯಾಮ್ ತರಂಗಪಟ್ಟಿಯಲ್ಲಿ) ನನಗೆ ಸೇರದ ಜಾಗವನ್ನೆಲ್ಲ ಆಕ್ರಮಿಸಿಕೊಂಡು ಮಾತನಾಡುತ್ತಿದ್ದೆ. ಅದು ನನಗೂ ತಿಳಿಯಲಿಲ್ಲ, ನನ್ನೊಡನೆ ಮಾತನಾಡುತ್ತಿದ್ದವರಿಗೂ ತಿಳಿಯಲಿಲ್ಲ.

ಎಲ್ಲವೂ ಶುರುವಾದದ್ದು ಒಂದು ವ್ಯಾಟ್ ಮೀಟರಿನಿಂದ. ನನ್ನದು 100 ವ್ಯಾಟ್‌ನ ರಿಗ್. ಅದಕ್ಕೆ ಹೊರಗಿನಿಂದ ಸೂಜಿಯ ಮೀಟರೊಂದನ್ನು ಜೋಡಿಸಿದ್ದೆ. ಸಿಡಬ್ಲ್ಯೂ (ಮೋರ್ಸ್ ಸಂಕೇತದ) ಕೀ ಒತ್ತಿದರೆ ಸೂಜಿ 100ಕ್ಕೆ ಹೋಗಿ ನಿಲ್ಲುತ್ತಿತ್ತು, ಎಸ್‌ಎಸ್‌ಬಿಯಲ್ಲಿ ಮಾತನಾಡಿದರೆ 30, ಹೆಚ್ಚೆಂದರೆ 40ರ ಬಳಿ ಕುಣಿದು ಬೀಳುತ್ತಿತ್ತು. ಉಳಿದ 60 ವ್ಯಾಟ್ ಎಲ್ಲಿಗೆ ಹೋಯಿತೆಂದು ನನಗೆ ಚಿಂತೆ ಹತ್ತಿತು. ವಾಸ್ತವದಲ್ಲಿ ಅದು ಎಲ್ಲಿಗೂ ಹೋಗಿರಲಿಲ್ಲ. ಮಾತಿನ ಪೀಕ್‌ಗಳು, ಅಂದರೆ ಅತಿ ಜೋರಿನ ಕ್ಷಣಗಳು, ಕಣ್ಣು ಮಿಟುಕಿಸುವಷ್ಟೂ ಹೊತ್ತು ನಿಲ್ಲುವುದಿಲ್ಲ, ಸಾಧಾರಣ ಸೂಜಿಯು ಅವುಗಳನ್ನು ಹಿಂಬಾಲಿಸಲಾರದೆ ಸರಾಸರಿಗೆ ಹತ್ತಿರದ ಏನನ್ನೋ ತೋರಿಸುತ್ತದೆ. ಪೀಕ್ ಹಿಡಿದಿಡುವ ಮೀಟರ್ ಇದ್ದಿದ್ದರೆ ಅದು ಆಗಲೂ 100ನ್ನೇ ತೋರಿಸುತ್ತಿತ್ತು. ಈ ವ್ಯತ್ಯಾಸವನ್ನು ನಾನು ಹ್ಯಾಮ್ ಪರವಾನಗಿಯ ಪರೀಕ್ಷೆಗೆಂದು ಓದಿದ್ದೆ, ಆದರೆ ಸೂಜಿ ಕಣ್ಣೆದುರಿಗೆ ಬಿದ್ದಾಗ ಓದಿದ್ದು ನೆನಪಿಗೆ ಬರಲಿಲ್ಲ.

ಆ ಸಮಯಕ್ಕೇ ಹೊಸ ಡೆಸ್ಕ್ ಮೈಕ್ ಬಂದಿತ್ತು. ಅದೇ ಮಾದರಿಯ ರಿಗ್ ಬಳಸುವ ಒಬ್ಬರು ವಿಡಿಯೋದಲ್ಲಿ ತೋರಿಸಿದ್ದ ಅಂಕಿಗಳನ್ನು ಕಾಗದದಲ್ಲಿ ಬರೆದುಕೊಂಡು ಹಾಗೆಯೇ ತುಂಬಿದೆ: ಮೈಕ್ ಗೇನ್ (ಮೈಕಿನ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ ಹೊಂದಾಣಿಕೆ) 80, ಕಂಪ್ರೆಸರ್ ಅರ್ಧಕ್ಕಿಂತ ಮೇಲೆ, ಪ್ರಸಾರದ ಬ್ಯಾಂಡ್ ಅಗಲ 100ರಿಂದ 2900 ಹರ್ಟ್ಸ್, ತಗ್ಗು ಸ್ವರಗಳಿಗೆ ಒಳ್ಳೆಯ ಏರಿಕೆ. ಸೂಜಿ 70 ದಾಟಿತು. ಮಾನಿಟರ್ ಬಟನ್ ಒತ್ತಿ ಹೆಡ್‌ಫೋನಿನಲ್ಲಿ ಕೇಳಿದರೆ ಆಕಾಶವಾಣಿಯ ವಾರ್ತಾವಾಚಕರ ಗಾಂಭೀರ್ಯ ನನ್ನ ಧ್ವನಿಗೂ ಬಂದಂತಿತ್ತು. ಬೆಳಗಿನ ನೆಟ್‌ನಲ್ಲಿ (ಹ್ಯಾಮ್‌ಗಳು ಗೊತ್ತಾದ ವೇಳೆಗೆ ಒಂದೇ ತರಂಗದಲ್ಲಿ ಸೇರುವ ಕೂಟದಲ್ಲಿ) ಎಲ್ಲರೂ 'ಐದು ಒಂಬತ್ತು ಪ್ಲಸ್, ಆಡಿಯೋ ಬಹಳ ಚೆನ್ನಾಗಿದೆ' ಎಂದರು, ಅಂದರೆ ಸ್ಪಷ್ಟವಾಗಿದೆ, ಬಲು ಜೋರಾಗಿದೆ ಎಂದು. ರಿಗ್ಗಿನ ಮೀಟರನ್ನು ನಾನು ಎಸ್‌ಡಬ್ಲ್ಯೂಆರ್‌ಗೆ (ಆಂಟೆನಾ ರಿಗ್ಗಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆಗೆ) ಇಟ್ಟುಕೊಂಡಿದ್ದೆ. ಎಎಲ್‌ಸಿ (ಹೊರಬರುವ ಶಕ್ತಿಯನ್ನು ತಾನೇ ಮಿತಿಯಲ್ಲಿಡುವ ವ್ಯವಸ್ಥೆ) ಕಡೆಗೆ ಒಮ್ಮೆಯೂ ತಿರುಗಿಸಿ ನೋಡಲಿಲ್ಲ. ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು.

ಒಂದು ಭಾನುವಾರ ಬೆಳಿಗ್ಗೆ 7.090 ಮೆಗಾಹರ್ಟ್ಸ್‌ನಲ್ಲಿ ಮಾತು ಮುಗಿಸುವಷ್ಟರಲ್ಲಿ ಮೈಸೂರಿನಲ್ಲೇ ಇರುವ ಹಿರಿಯ ಹ್ಯಾಮ್ ಒಬ್ಬರ ಫೋನ್ ಬಂತು. 'ಬೇಸರ ಮಾಡಿಕೊಳ್ಳಬೇಡಿ, ಮೊದಲು ಇದನ್ನು ಕೇಳಿ' ಎಂದು ತಮ್ಮ ರಿಸೀವರಿನಿಂದ ಮಾಡಿಕೊಂಡಿದ್ದ ಒಂದು ನಿಮಿಷದ ಧ್ವನಿಮುದ್ರಣವನ್ನು ಕಳಿಸಿದರು. ಅದು 7.086ರಲ್ಲಿ ಹಿಡಿದದ್ದು. ಹಾಸನ ಜಿಲ್ಲೆಯ ಒಬ್ಬ ವಿದ್ಯಾರ್ಥಿ, ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ರೂಪಿಸಿದ ಬಿಟೆಕ್ಸ್ 40 ಸೆಟ್‌ನಿಂದ, ಅಂದರೆ ಸುಮಾರು 7 ವ್ಯಾಟ್‌ನಲ್ಲಿ, ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆಯುತ್ತಿದ್ದ. 'ಸಿಕ್ಯೂ ಸಿಕ್ಯೂ' ಎಂಬಷ್ಟು ಕೇಳಿಸುತ್ತದೆ, ಕಾಲ್‌ಸೈನ್ (ಹ್ಯಾಮ್‌ನ ಗುರುತಿನ ಸಂಕೇತ) ಬರುವ ಹೊತ್ತಿಗೆ ಕಾದ ಎಣ್ಣೆಗೆ ಒದ್ದೆ ಸೊಪ್ಪು ಹಾಕಿದಂತೆ ಚರ್ ಚರ್ ಎಂಬ ಸದ್ದು ಎದ್ದು ಅವನನ್ನು ಮುಳುಗಿಸಿಬಿಡುತ್ತದೆ. ಆ ಸದ್ದಿನಲ್ಲಿ ಪದಗಳಿರಲಿಲ್ಲ. ಆದರೆ ಅದರ ಏರಿಳಿತ ನಾನು ಮಾತನಾಡುವ ಏರಿಳಿತವೇ ಆಗಿತ್ತು. ಅವನು ಮೂರು ಭಾನುವಾರ ಅಲ್ಲೇ ಕರೆದು ಯಾರೂ ಉತ್ತರಿಸದೆ ಸುಮ್ಮನಾದನೆಂದು ಹಿರಿಯರು ಹೇಳಿದರು. ಅವನಿಗೆ ಆ ಸದ್ದು ಯಾರದೆಂದು ತಿಳಿಯುವ ದಾರಿಯೇ ಇರಲಿಲ್ಲ. ಪದವಿಲ್ಲದ ಸದ್ದಿಗೆ ಕಾಲ್‌ಸೈನ್ ಇರುವುದಿಲ್ಲವಲ್ಲ.

ನಾಲ್ಕು ಕಿಲೋಹರ್ಟ್ಸ್ ದೂರಕ್ಕೆ ಅದು ಹೇಗೆ ಹೋಯಿತು ಎಂಬುದನ್ನು ಅವರೇ ಲೆಕ್ಕ ಹಾಕಿ ತೋರಿಸಿದರು. 7.090ರಲ್ಲಿ ಎಲ್‌ಎಸ್‌ಬಿ (ಆ ಅಂಕಿಯ ಕೆಳಬದಿಯನ್ನು ಬಳಸುವ ಎಸ್‌ಎಸ್‌ಬಿ) ಮಾತು 300ರಿಂದ 2700 ಹರ್ಟ್ಸ್‌ವರೆಗಿದ್ದರೆ ಅದು 7.0873ರಿಂದ 7.0897ರೊಳಗೆ ಇರಬೇಕು. ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದೂಡಿದಾಗ ಧ್ವನಿಯಲ್ಲಿನ ಸ್ವರಗಳು ಒಂದರೊಡನೊಂದು ಬೆರೆತು ಹೊಸ ಸ್ವರಗಳು ಹುಟ್ಟುತ್ತವೆ. 2700ರ ಎರಡರಷ್ಟರಿಂದ 300 ಕಳೆದರೆ 5100, ಅದು 7.0849ಕ್ಕೆ ಹೋಗಿ ಬೀಳುತ್ತದೆ. ಇನ್ನೂ ದೂಡಿದರೆ 2700ರ ಮೂರರಷ್ಟರಿಂದ 300ರ ಎರಡರಷ್ಟು ಕಳೆದು 7500 ಹರ್ಟ್ಸ್, ಅಂದರೆ 7.0825ರವರೆಗೆ. ಆ ವಿದ್ಯಾರ್ಥಿಯ ಮಾತು 7.0833ರಿಂದ 7.0857ರ ನಡುವೆ ಇತ್ತು. ಮೇಲಿನ ಬದಿಗೂ ಇದೇ ರೀತಿ ಹರಡಿಕೆ ಇರುತ್ತದೆ. 100 ವ್ಯಾಟ್‌ನ ಸಿಗ್ನಲಿನ ಈ ಚೂರುಗಳೇ ಹತ್ತಿರದವರ ಕಿವಿಯಲ್ಲಿ 7 ವ್ಯಾಟ್‌ನ ಸಿಗ್ನಲಿಗಿಂತ ಜೋರಾಗಬಹುದು.

ಎಎಲ್‌ಸಿ ಇದನ್ನು ತಡೆಯಬೇಕಿತ್ತಲ್ಲವೇ ಎಂದು ನಾನು ಕೇಳಿದೆ. ಅನೇಕರು ಹಾಗೆಯೇ ನಂಬಿರುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎಎಲ್‌ಸಿ ಹೊರಬರುವ ಶಕ್ತಿಯನ್ನು ಅಳೆದು, ಅದು ಮಿತಿ ಮೀರಿದರೆ ಹಿಂದಿನ ಹಂತಗಳ ಗೇನನ್ನು ಇಳಿಸುತ್ತದೆ. ಆದರೆ ಅದು ಇಳಿಸುವಷ್ಟರಲ್ಲಿ ಪೀಕ್‌ನ ಮೊದಲ ಅಂಚು ಆಗಲೇ ದಾಟಿ ಹೋಗಿರುತ್ತದೆ, ಮತ್ತು ಪ್ರತಿ ಅಕ್ಷರಕ್ಕೂ ಗೇನ್ ಏರಿಳಿಯತೊಡಗಿದರೆ ಆ ಏರಿಳಿತವೇ ಇನ್ನೊಂದು ವಿಕೃತಿಯಾಗುತ್ತದೆ. ಅದನ್ನು ಮೈಕ್ ಗೇನಿನ ಕಾವಲುಗಾರನೆಂದು ಭಾವಿಸಿ ಪ್ರತಿ ಮಾತಿಗೂ ಅದರ ಮೇಲೆ ಭಾರ ಹೇರಬಾರದು. ಮಾನಿಟರ್‌ನಲ್ಲಿ ಕೇಳಿದ ಗಾಂಭೀರ್ಯವೂ ನಂಬಲರ್ಹವಲ್ಲ: ಸಾಮಾನ್ಯವಾಗಿ ಆ ಧ್ವನಿಯನ್ನು ಕೊನೆಯ ಆಂಪ್ಲಿಫೈಯರಿಗಿಂತ ಮೊದಲೇ ತೆಗೆದುಕೊಂಡಿರುತ್ತಾರೆ, ಆಂಪ್ಲಿಫೈಯರಿನಲ್ಲಿ ಆಗುವ ಹರಡಿಕೆ ಅದರಲ್ಲಿ ಕೇಳಿಸುವುದೇ ಇಲ್ಲ. ನನ್ನನ್ನು ಹೊಗಳಿದವರೂ ಸುಳ್ಳು ಹೇಳಿರಲಿಲ್ಲ. ಅವರು 7.090ಕ್ಕೇ ಟ್ಯೂನ್ ಮಾಡಿಕೊಂಡಿದ್ದರು, ಅವರ ಫಿಲ್ಟರು ನನ್ನ ಕಸವನ್ನೆಲ್ಲ ಹೊರಗಿಟ್ಟು ಮಾತನ್ನು ಮಾತ್ರ ಕೇಳಿಸುತ್ತಿತ್ತು.

ಅಂದು ಸಂಜೆಯೇ ಆಂಟೆನಾ ಕಳಚಿ 50 ಓಮ್‌ನ ಡಮ್ಮಿ ಲೋಡ್ (ಸಿಗ್ನಲನ್ನು ಹೊರಗೆ ಬಿಡದೆ ಶಾಖವಾಗಿಸುವ ಸಾಧನ) ಹಾಕಿ ಎಲ್ಲವನ್ನೂ ಮೊದಲಿನಿಂದ ಹೊಂದಿಸಿದೆ. ಕಂಪ್ರೆಸರ್ ಆಫ್, ಈಕ್ವಲೈಸರ್ ಸಮತಟ್ಟು, ಮೀಟರ್ ಎಎಲ್‌ಸಿಗೆ. ಮೈಕನ್ನು ಬಾಯಿಯಿಂದ ಮೂರು ಬೆರಳಷ್ಟು ದೂರದಲ್ಲಿ, ಉಸಿರು ನೇರವಾಗಿ ತಾಗದಂತೆ ತುಸು ಓರೆಯಾಗಿ ಹಿಡಿದು, ನೆಟ್‌ನಲ್ಲಿ ಮಾತನಾಡುವ ಸಹಜ ದನಿಯಲ್ಲಿ ಕಾಲ್‌ಸೈನ್ ಹೇಳುತ್ತಾ, ಅತಿ ಜೋರಾದ ಅಕ್ಷರಗಳಿಗೆ ಮಾತ್ರ ಎಎಲ್‌ಸಿ ಸೂಚಿತ ವಲಯದೊಳಗೆ ಏಳುವಂತೆ ಮೈಕ್ ಗೇನನ್ನು ಏರಿಸಿದೆ. 80ರಲ್ಲಿ ಇದ್ದದ್ದು 35ಕ್ಕೆ ಬಂದು ನಿಂತಿತು. ನಿಮ್ಮ ರಿಗ್ಗಿನಲ್ಲಿ ಅದು 20 ಇರಬಹುದು, 55 ಇರಬಹುದು, ಏಕೆಂದರೆ ಮೈಕ್‌ಗಳ ಸಂವೇದನೆ ಬೇರೆ, ಕಂಠ ಬೇರೆ, ಹಿಡಿಯುವ ದೂರ ಬೇರೆ. ನನ್ನ 35ನ್ನು ದಯವಿಟ್ಟು ನಕಲು ಮಾಡಬೇಡಿ.

ಈಕ್ವಲೈಸರಿನಲ್ಲಿ ನಾನು ಆಮೇಲೆ ಮಾಡಿದ್ದು ವಿಡಿಯೋ ಹೇಳಿದ್ದಕ್ಕೆ ಪೂರ್ತಿ ವಿರುದ್ಧ. ತಗ್ಗು ಸ್ವರಗಳನ್ನು ಕೆಲವು ಡೆಸಿಬೆಲ್ ಇಳಿಸಿ, 2000 ಹರ್ಟ್ಸ್‌ನ ಆಸುಪಾಸಿನಲ್ಲಿ ಸ್ವಲ್ಪ ಏರಿಸಿದೆ. ಸ್ವರಾಕ್ಷರಗಳ ಬಲದ ಬಹುಪಾಲು ತಗ್ಗು ಆವರ್ತನಗಳಲ್ಲಿದೆ, ಅದು ವ್ಯಾಟ್‌ಗಳನ್ನು ತಿನ್ನುತ್ತದೆ. ಮಾತು ತಿಳಿಯುವುದು ವ್ಯಂಜನಗಳಿಂದ, ಅವುಗಳ ಗುರುತು ಮೇಲಿನ ಆವರ್ತನಗಳಲ್ಲಿದೆ. ಸಕಾರದ ಶಕ್ತಿಯ ಬಹುಪಾಲು 4000 ಹರ್ಟ್ಸ್‌ಗೂ ಮೇಲಿರುವುದರಿಂದ ಎಸ್‌ಎಸ್‌ಬಿಯಲ್ಲಿ ಅದು ಹೇಗೂ ಕತ್ತರಿಸಿ ಹೋಗುತ್ತದೆ. 'ಎಸ್' ಮತ್ತು 'ಎಫ್' ಒಂದೇ ಆಗಿ ಕೇಳಿಸುವುದು, ನಾವು ಸಿಯೆರಾ, ಫಾಕ್ಸ್‌ಟ್ರಾಟ್ ಎಂದು ಬಿಡಿಸಿ ಹೇಳಬೇಕಾಗುವುದು ಇದರಿಂದಲೇ. ಮಧ್ಯಮ ತರಂಗದ ಬಾನುಲಿ ಕೇಂದ್ರಗಳ ಚಾನೆಲ್‌ಗಳು ನಮ್ಮಲ್ಲಿ 9 ಕಿಲೋಹರ್ಟ್ಸ್ ಅಂತರದಲ್ಲಿವೆ, ಅಂದರೆ ಅವಕ್ಕೆ ನಮಗಿಂತ ಹೆಚ್ಚು ಜಾಗವಿದೆ. ಸುಮಾರು ಎರಡೂವರೆ ಕಿಲೋಹರ್ಟ್ಸ್‌ನೊಳಗೆ ವಾರ್ತಾವಾಚಕರ ಗಾಂಭೀರ್ಯ ತರಲು ಹೋದದ್ದೇ ನನ್ನ ತಪ್ಪು ಆಸೆ.

ಕಂಪ್ರೆಸರನ್ನು ಈಗ ದುರ್ಬಲ ನಿಲ್ದಾಣಗಳಿಗೆ ಕರೆ ಮಾಡುವಾಗ ಮಾತ್ರ, ಕೆಲವೇ ಡೆಸಿಬೆಲ್ ಬಳಸುತ್ತೇನೆ. ಅದು ಮೆಲ್ಲಗಿನ ಸದ್ದನ್ನು ಮೇಲಕ್ಕೆತ್ತುತ್ತದೆ, ಎಲ್ಲಾ ಸದ್ದನ್ನೂ. ಹಿರಿಯರ ಬಳಿ ಇದ್ದ ಇನ್ನೊಂದು ಮುದ್ರಣದಲ್ಲಿ, ನನ್ನ ಎರಡು ಮಾತುಗಳ ನಡುವೆ ನಮ್ಮ ಮನೆಯ ಫ್ಯಾನಿನ ಗರಗರ ಮತ್ತು ಅಡುಗೆಮನೆಯ ಕುಕ್ಕರಿನ ಸೀಟಿ ನನ್ನ ಧ್ವನಿಗೆ ಸಮನಾಗಿ ಕೇಳಿಸುತ್ತಿದ್ದವು. ಸರಾಸರಿ ಶಕ್ತಿ ಹೆಚ್ಚುವುದರಿಂದ ರಿಗ್ಗೂ ಪವರ್ ಸಪ್ಲೈಯೂ ಹೆಚ್ಚು ಬಿಸಿಯಾಗುತ್ತವೆ. ಈಕ್ವಲೈಸರನ್ನಾಗಲಿ ಕಂಪ್ರೆಸರನ್ನಾಗಲಿ ಮುಟ್ಟಿದಾಗಲೆಲ್ಲ ಎಎಲ್‌ಸಿಯನ್ನು ಮತ್ತೆ ನೋಡಬೇಕು, ಏಕೆಂದರೆ ಅವೆರಡೂ ಮುಂದಿನ ಹಂತಕ್ಕೆ ಹೋಗುವ ಮಟ್ಟವನ್ನು ಬದಲಿಸುತ್ತವೆ.

ಡಮ್ಮಿ ಲೋಡಿನಲ್ಲಿ ಸ್ವಚ್ಛವಾಗಿದ್ದ ಧ್ವನಿ ಆಂಟೆನಾ ಜೋಡಿಸಿದ ಕೂಡಲೇ ಗೊರಗೊರ ಎಂದರೆ ಅದು ಬೇರೆ ಕಾಯಿಲೆ: ರೇಡಿಯೋ ಶಕ್ತಿ ಮೈಕಿನ ತಂತಿಯೊಳಗೆ ಹಿಂತಿರುಗಿ ಬರುತ್ತಿರುತ್ತದೆ. ಶಕ್ತಿಯನ್ನು 20 ವ್ಯಾಟ್‌ಗೆ ಇಳಿಸಿದಾಗ ಸರಿಹೋದರೆ ಅನುಮಾನ ಬಲವಾಗುತ್ತದೆ. ತಂತಿಗೆ ಫೆರೈಟ್ (ರೇಡಿಯೋ ಶಕ್ತಿಯನ್ನು ತಡೆಯುವ ಕಾಂತೀಯ ಉಂಗುರ) ಹಾಕಿ ನೋಡಿ.

ಮರುದಿನ ಬೆಳಿಗ್ಗೆ ಹಿರಿಯರು ಮೊದಲು 7.086ರಲ್ಲಿ, ಅನಂತರ 7.094ರಲ್ಲಿ ಕಿವಿಯಿಟ್ಟರು, ನಾನು 7.090ರಲ್ಲಿ ಎರಡು ನಿಮಿಷ ಮಾತನಾಡಿದೆ. 'ಬ್ಯಾಂಡಿನ ಸದ್ದು ಬಿಟ್ಟರೆ ಇಲ್ಲೇನೂ ಇಲ್ಲ' ಎಂದರು. ಆಮೇಲೆ ಆ ವಿದ್ಯಾರ್ಥಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸಿ ಕ್ಷಮೆ ಕೇಳಿದೆ. ಅವನು, 'ನನ್ನ ಸೆಟ್ಟೇ ಸರಿಯಿಲ್ಲ ಅಂದುಕೊಂಡು ಎರಡು ಸಲ ಬಿಚ್ಚಿ ಬೆಸುಗೆ ಹಾಕಿದೆ, ಸಾರ್' ಎಂದ. ಆ ಮಾತು ನನ್ನನ್ನು ಬಹಳ ನೋಯಿಸಿತು.

ಆದ್ದರಿಂದ ಆಡಿಯೋ ರಿಪೋರ್ಟ್ ಕೇಳುವಾಗ 'ಹೇಗಿದೆ' ಎಂದಷ್ಟೇ ಕೇಳಬೇಡಿ. 'ದಯವಿಟ್ಟು ನಾಲ್ಕು ಕಿಲೋಹರ್ಟ್ಸ್ ಕೆಳಗೆ, ನಾಲ್ಕು ಕಿಲೋಹರ್ಟ್ಸ್ ಮೇಲೆ ಹೋಗಿ ನನ್ನನ್ನು ಕೇಳಿ ಬನ್ನಿ' ಎಂದು ಕೋರಿ. ಕೇಳುವವರು ಊರಿನ ಹತ್ತಿರದವರಾದರೆ ಒಳ್ಳೆಯದು, ಆದರೆ ಅವರ ರಿಸೀವರೇ ನಿಮ್ಮ ಬಲಕ್ಕೆ ತತ್ತರಿಸದಂತೆ ಅಟೆನ್ಯುಯೇಟರ್ (ಬರುವ ಸಿಗ್ನಲನ್ನು ತಗ್ಗಿಸುವ ವ್ಯವಸ್ಥೆ) ಹಾಕಿಕೊಳ್ಳಲು ಹೇಳಿ. ನನ್ನ ಸಿಗ್ನಲಿನಲ್ಲಿ ಮುಂದೆ ಎಂದಾದರೂ ಇಂಥದ್ದು ಕಂಡರೆ, ನೆಟ್ ನಡೆಯುತ್ತಿದ್ದರೂ ಸರಿ, ಸಂಕೋಚವಿಲ್ಲದೆ ಆ ಕ್ಷಣವೇ ತಡೆದು ಹೇಳಿ.