ಐದು ಅಂಗಡಿ, ಒಂದೇ ಏರಿಕೆ: ಮನೆ ಕಟ್ಟಿಸುವವರು ದಯವಿಟ್ಟು ಓದಿ

2021ರಲ್ಲಿ ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿದ್ದೆವು. ಮೋಲ್ಡ್ ಹಾಕಿಸಲು ನಾಲ್ಕೇ ದಿನ ಬಾಕಿ. ಸೆಂಟ್ರಿಂಗ್ ಮುಗಿದಿತ್ತು, ಕಂಬಿ ಕಟ್ಟಿಯಾಗಿತ್ತು. ಆಗ ಸಿಮೆಂಟ್ ಅಂಗಡಿಯವರು ಫೋನ್ ಮಾಡಿ, "ಸಾರ್, ನಾಳೆಯಿಂದ ಮೂಟೆಗೆ ನಲವತ್ತು ರೂಪಾಯಿ ಜಾಸ್ತಿ" ಅಂದರು. ಐದು ಅಂಗಡಿ ಸುತ್ತಿದೆ. ಬ್ರ್ಯಾಂಡ್ ಬೇರೆ ಬೇರೆ, ಏರಿಕೆ ಮಾತ್ರ ಅದೇ ನಲವತ್ತು, ಅದೇ ದಿನದಿಂದ. "ಎಲ್ಲಿ ಹೋದರೂ ಇದೇ ರೇಟು, ಸುಮ್ನೆ ಪೆಟ್ರೋಲ್ ಯಾಕೆ ಸುಡ್ತೀರಿ?" ಎಂದರು ಒಬ್ಬರು. 150 ಮೂಟೆಗೆ ಆರು ಸಾವಿರ ಹೆಚ್ಚು ಕೊಟ್ಟೆ. ಎಲ್ಲದರ ಬೆಲೆಯೂ ಏರುತ್ತಿದೆ ಅಲ್ವಾ ಅಂದುಕೊಂಡೆ. ಗೃಹಪ್ರವೇಶ ಮುಗಿದ ಮೇಲೆ ಬಿಲ್‌ಗಳನ್ನೆಲ್ಲ ರದ್ದಿಗೆ ಹಾಕಿದೆ.

ಅದೇ ನಾನು ಮಾಡಿದ ದೊಡ್ಡ ತಪ್ಪು.

ಸಿಮೆಂಟ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸಿವೆ ಎಂದು ಭಾರತೀಯ ಸ್ಪರ್ಧಾ ಆಯೋಗ (ಮಾರುವವರು ಕೂಡಿಕೊಂಡು ಪೈಪೋಟಿ ತಪ್ಪಿಸದಂತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) 2012ರಲ್ಲೇ ಹೇಳಿತ್ತು. 11 ಕಂಪನಿಗಳಿಗೆ 6,000 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ತಮ್ಮ ಸಂಘದ ಮೂಲಕ ಬೆಲೆಯ ಮಾಹಿತಿ ಹಂಚಿಕೊಂಡು, ಬೇಕೆಂದೇ ಉತ್ಪಾದನೆ ಕಡಿಮೆ ಮಾಡಿದ್ದಾರೆ ಎಂಬುದು ಆರೋಪ. ಆ ಆದೇಶ ರದ್ದಾಯಿತು. 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಬೆಲೆ ಏರಿಕೆ ತಡೆಯಲೆಂದು ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸುವುದುಂಟು. ಆದರೆ ಒಳಒಪ್ಪಂದದಿಂದಾದ ಏರಿಕೆ ಅದರಿಂದ ಇಳಿಯುವುದಿಲ್ಲ. ನಮ್ಮ ಇಎಂಐ ಮಾತ್ರ ಏರುತ್ತದೆ. ಅದು ಇಳಿಯಬೇಕಾದರೆ ಮಾರುವವರ ನಡುವೆ ನಿಜವಾದ ಪೈಪೋಟಿ ಇರಬೇಕು.

ನನಗೆ ಮಾರಿದವರು ಒಳಒಪ್ಪಂದ ಮಾಡಿಕೊಂಡಿದ್ದರು ಎಂದು ನಾನು ಹೇಳಲಾರೆ. ಡೀಸೆಲ್, ಕಲ್ಲಿದ್ದಲು ದುಬಾರಿಯಾದರೂ ರೇಟು ಒಟ್ಟಿಗೆ ಏರಬಹುದು. ಒಂದೇ ರೇಟು ಇದ್ದ ಮಾತ್ರಕ್ಕೆ ಕಾನೂನಿನ ಮುಂದೆ ಸಾಕ್ಷಿಯೂ ಆಗುವುದಿಲ್ಲ. ಆದರೆ ವಿಚಾರಿಸಿ ನೋಡಲು ನನ್ನ ಹತ್ತಿರ ಒಂದು ಕಾಗದವೂ ಉಳಿದಿಲ್ಲ. ಅದೇ ಸಂಕಟ.

ನೀವು ಹಾಗೆ ಮಾಡಬೇಡಿ. ಪಾಯ ಹಾಕುವ ಮೊದಲೇ ಮೂರು ನಾಲ್ಕು ಕಡೆ ಕೊಟೇಶನ್ ಬರೆಸಿಕೊಳ್ಳಿ, ತಾರೀಖು ಇರಲಿ. ರೇಟು ಎಷ್ಟು ದಿನ ನಿಲ್ಲುತ್ತದೆ ಎಂದೂ ಬರೆಸಿ. ಮೋಲ್ಡಿನ ಸಿಮೆಂಟಿಗೆ ಕೊನೆಯ ವಾರದವರೆಗೆ ಕಾಯಬೇಡಿ, ಆಗ ಚೌಕಾಸಿ ಮಾಡುವ ಶಕ್ತಿಯೇ ಇರುವುದಿಲ್ಲ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. "ಎಲ್ಲರೂ ಸೇರಿ ರೇಟು ಮಾಡಿದ್ದೇವೆ" ಎಂಬಂಥ ವಾಟ್ಸಾಪ್ ಮೆಸೇಜ್ ಬಂದರೆ ಅಳಿಸಬೇಡಿ. ಸ್ಪರ್ಧಾ ಆಯೋಗಕ್ಕೆ ಯಾರು ಬೇಕಾದರೂ ಮಾಹಿತಿ ಕೊಡಬಹುದು, ಹೆಸರು ಗುಟ್ಟಾಗಿಡಿ ಎಂದು ಕೇಳಲೂಬಹುದು. ಆದರೆ ಸ್ಪರ್ಧಾ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಹೀಗೆ ಮಾಹಿತಿ ಕೊಡಲು ಮೂರು ವರ್ಷದ ಗಡುವಿದೆ. ಬಿಲ್‌ಗಳನ್ನು ಅಲ್ಲಿಯವರೆಗಾದರೂ ಜೋಪಾನ ಮಾಡಿ.