ವಿವೇಕನಗರದ ಬಾಲಯೇಸು ದೇವಾಲಯ: ಗುರುವಾರ ಒಮ್ಮೆ ಹೋಗಿ ಬನ್ನಿ

ಮನೆ ಬಾಡಿಗೆ, ಮಕ್ಕಳ ಫೀಸು, ಅಮ್ಮನ ಶುಗರ್ ಅಂತ ತಲೆ ಕೆಟ್ಟು ಹೋಗಿದ್ದರೆ ಬೆಂಗಳೂರಿನ ಈ ದೇವಾಲಯಕ್ಕೆ ಬನ್ನಿ. ಗುರುವಾರ ಬಾಲಯೇಸುವಿನ ದಿನ. ಪೂಜೆ, ನೊವೇನಾ (ಒಂಬತ್ತು ದಿನ ಅಥವಾ ಒಂಬತ್ತು ವಾರ ಬಿಡದೆ ಮಾಡುವ ಪ್ರಾರ್ಥನೆ) ಕನ್ನಡದಲ್ಲೂ ಇರುತ್ತದೆ, ತಮಿಳು, ಇಂಗ್ಲಿಷಿನಲ್ಲೂ ಇರುತ್ತದೆ. ಬೇರೆ ಧರ್ಮದವರೂ ತುಂಬಾ ಜನ ಬರುತ್ತಾರೆ, ನೀವು ಯಾರು ಅಂತ ಯಾರೂ ಕೇಳುವುದಿಲ್ಲ.

ಕಳೆದ ಸಲ ನನ್ನ ಪಕ್ಕ ಒಬ್ಬರು ಆಸ್ಪತ್ರೆ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಣದಬತ್ತಿ ಹಚ್ಚುತ್ತಿದ್ದರು, ಗಾಳಿಗೆ ಮತ್ತೆ ಮತ್ತೆ ಆರುತ್ತಿತ್ತು, ಹಿಂದಿದ್ದ ಹುಡುಗ ತನ್ನ ಬತ್ತಿಯಿಂದ ಹಚ್ಚಿಕೊಟ್ಟ. ಅವರ ಕಣ್ಣು ತುಂಬಿತ್ತು.

ನನ್ನ ಗಂಡನ ಕೆಲಸ ಹೋದಾಗ ನಾನು ಇಲ್ಲಿಗೇ ಬರುತ್ತಿದ್ದೆ. ಕೆಲಸ ತಕ್ಷಣ ಸಿಗಲಿಲ್ಲ. ಆದರೆ ರಾತ್ರಿ ನಿದ್ದೆ ಬಂತು, ಬೆಳಗ್ಗೆ ಎದ್ದು ಇನ್ನೊಂದು ಕಡೆ ಕೇಳಿ ನೋಡೋಣ ಅನ್ನುವ ಧೈರ್ಯ ಇಬ್ಬರಿಗೂ ಬಂತು, ಅದನ್ನು ಕೊಟ್ಟವನು ದೇವರೇ. ಪ್ರಾರ್ಥನೆ ಅಂದ್ರೆ ಅದೇ ಅಲ್ವಾ?

ಗುರುವಾರ ಜನ ಜಾಸ್ತಿ. ಜನವರಿ 14ರ ಬಾಲಯೇಸುವಿನ ಹಬ್ಬಕ್ಕಂತೂ ಕೇಳಲೇಬೇಡಿ. ಸುಮ್ನೆ ಕೂತು ಪ್ರಾರ್ಥಿಸಬೇಕು ಅನ್ನುವವರಿಗೆ, ವಯಸ್ಸಾದವರನ್ನು ಕರೆತರುವವರಿಗೆ ಬೇರೆ ದಿನವೇ ಒಳ್ಳೆಯದು. ಗಾಡಿ ತರುವುದಕ್ಕಿಂತ ಬಸ್ಸು, ಆಟೋ ವಾಸಿ.