2023ರ ಕನ್ನಡ ಸಿನಿಮಾಗಳು, ಮುಂಬೈಯಿಂದ ನೋಡಿದಂತೆ

2022ರಲ್ಲಿ ಕನ್ನಡ ಸಿನಿಮಾ ಮುಂಬೈಯ ಮೂಲೆಮೂಲೆಗೂ ಬಂದಿತ್ತು. ಏಪ್ರಿಲ್‌ನಲ್ಲಿ ‘ಕೆಜಿಎಫ್: ಚಾಪ್ಟರ್ 2’, ಅಕ್ಟೋಬರ್‌ನಲ್ಲಿ ‘ಕಾಂತಾರ’ದ ಹಿಂದಿ ಅವತರಣಿಕೆ ಬಂದ ಮೇಲೆ, ಆ ಚಿತ್ರದ ದೈವಗಳಾದ ಪಂಜುರ್ಲಿ ಎಂದರೆ ಏನು, ಗುಳಿಗ ಎಂದರೆ ಯಾರು ಎಂದು ಕಚೇರಿಯ ಮರಾಠಿ, ಗುಜರಾತಿ ಸಹೋದ್ಯೋಗಿಗಳು ನನ್ನನ್ನು ಕೇಳತೊಡಗಿದ್ದರು. ಆ ಸಂಭ್ರಮವನ್ನು ಕಂಡವರು ಮರುವರ್ಷವನ್ನು ಸಪ್ಪೆಯಾದದ್ದೆಂದು ಬದಿಗಿಡುವುದನ್ನು ಹಲವು ಬಾರಿ ಕೇಳಿದ್ದೇನೆ. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು. 2023ರಲ್ಲಿ ಕನ್ನಡದಲ್ಲಿ ಬಂದ ಒಳ್ಳೆಯ ಚಿತ್ರಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಹೆಚ್ಚು, ಅವುಗಳ ವಸ್ತುವೈವಿಧ್ಯವೂ ಹೆಚ್ಚು. ಆದರೆ ಅವೆಲ್ಲ ಸಣ್ಣ ದನಿಯ ಚಿತ್ರಗಳಾಗಿದ್ದುದರಿಂದ ಹೊರನಾಡಿನಲ್ಲಿರುವ ನಮ್ಮನ್ನು ತಲುಪಲು ಅವುಗಳಿಗೆ ಸಮಯವೇ ಸಿಗಲಿಲ್ಲ.

ಮುಂಬೈಯಲ್ಲಿ ಕನ್ನಡ ಚಿತ್ರದ ಆಯುಷ್ಯವನ್ನು ನಿರ್ಧರಿಸುವುದು ಅದರ ಗುಣಕ್ಕಿಂತ ಹೆಚ್ಚಾಗಿ ಆ ವಾರದ ಪಂಚಾಂಗ. ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಬಿಡುಗಡೆಯಾದ ಜುಲೈ 21ರಂದೇ ‘ಓಪನ್‌ಹೈಮರ್’ ಮತ್ತು ‘ಬಾರ್ಬಿ’ ಜೊತೆಯಾಗಿ ಬಂದವು. ‘ಸಪ್ತ ಸಾಗರದಾಚೆ ಎಲ್ಲೋ’ ಮೊದಲ ಭಾಗ ಸೆಪ್ಟೆಂಬರ್ 1ಕ್ಕೆ ತೆರೆಕಂಡರೆ ಸೆಪ್ಟೆಂಬರ್ 7ಕ್ಕೆ ‘ಜವಾನ್’ ಬಂತು. ಎರಡನೆಯ ಭಾಗದ ಪಾಡು ಇನ್ನೂ ಕಷ್ಟದ್ದು: ನವೆಂಬರ್ 12ರ ದೀಪಾವಳಿಗೆ ಬಂದ ‘ಟೈಗರ್ 3’ ಪರದೆಗಳನ್ನು ಹಿಡಿದುಕೊಂಡಿತ್ತು, ನವೆಂಬರ್ 17ರ ಶುಕ್ರವಾರ ನಮ್ಮ ಚಿತ್ರ ಬಂತು, ಭಾನುವಾರ ಅಹಮದಾಬಾದಿನಲ್ಲಿ ವಿಶ್ವಕಪ್ ಕ್ರಿಕೆಟ್ ಫೈನಲ್ ಇತ್ತು. ದುಡಿಯುವ ಜನ ಸಿನಿಮಾ ನೋಡುವ ಏಕೈಕ ದಿನವೇ ಹೀಗೆ ಕೈತಪ್ಪಿದರೆ ಸೋಮವಾರಕ್ಕೆ ಪ್ರದರ್ಶನ ಉಳಿಯುವುದಿಲ್ಲ. ಸಣ್ಣ ಚಿತ್ರಕ್ಕೆ ಬೇಕಾದದ್ದು ಎರಡು ವಾರ. ಮೊದಲ ವಾರ ನೋಡಿದವರು ಮತ್ತೊಬ್ಬರಿಗೆ ಹೇಳಬೇಕು, ಹೇಳಿಸಿಕೊಂಡವರು ಎರಡನೆಯ ವಾರ ಹೋಗಬೇಕು. ಇಲ್ಲಿ ಆ ಎರಡನೆಯ ವಾರ ಸಿಗುವುದು ಅಪರೂಪ. ಸಿಕ್ಕ ಪ್ರದರ್ಶನವೂ ರಾತ್ರಿ ಹತ್ತರ ಮೇಲಿನದಾದರೆ, ಡೊಂಬಿವಲಿಯಿಂದ ಠಾಣೆಗೆ ಹೋಗಿ ನೋಡಿ ಕೊನೆಯ ಲೋಕಲ್ ಹಿಡಿಯುವ ಧಾವಂತದಲ್ಲಿ ಎಷ್ಟು ಜನ ಸಂಸಾರ ಸಮೇತ ಹೋಗಿಯಾರು?

ಇಷ್ಟೆಲ್ಲ ತೊಡಕುಗಳ ನಡುವೆಯೂ ದೊಡ್ಡ ಪರದೆಯ ಮೇಲೆ ನೋಡಲು ಸಿಕ್ಕಿದ್ದು ನನ್ನ ಭಾಗ್ಯ ಎಂದು ನಾನು ಭಾವಿಸುವ ಚಿತ್ರ ಹೇಮಂತ್ ಎಂ. ರಾವ್ ನಿರ್ದೇಶನದ ‘ಸಪ್ತ ಸಾಗರದಾಚೆ ಎಲ್ಲೋ’, ಅದರಲ್ಲೂ ಸೈಡ್ ಎ ಎಂಬ ಮೊದಲ ಭಾಗ. ಗೋಪಾಲಕೃಷ್ಣ ಅಡಿಗರ ಕವಿತೆಯ ಸಾಲನ್ನು ಹೆಸರಾಗಿ ಇಟ್ಟುಕೊಂಡ ಚಿತ್ರ ಆ ಹೆಸರಿನ ಭಾರವನ್ನು ಹೊತ್ತು ನಿಂತಿದೆ. 2010ರ ಬೆಂಗಳೂರು, ಶ್ರೀಮಂತರೊಬ್ಬರ ಮನೆಯ ಕಾರು ಚಾಲಕ ಮನು, ಗಾಯಕಿಯಾಗುವ ಕನಸಿನ ಪ್ರಿಯಾ. ಸ್ವಂತದ್ದೊಂದು ಮನೆ ಮಾಡಿಕೊಳ್ಳುವ ಆತುರದಲ್ಲಿ ಮನು, ಧಣಿಯ ಮಗ ಮಾಡಿದ ಅಪಘಾತದ ಅಪರಾಧವನ್ನು ಹಣಕ್ಕಾಗಿ ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇವೆ ಎಂಬ ಮಾತು ಕೊಟ್ಟವರೊಂದಿಗೇ ಮುಗಿದುಹೋಗುತ್ತದೆ. ಕಥೆ ಇಷ್ಟೇ. ಚಾಳಿನ ಒಂದು ಕೋಣೆಯಿಂದ ಹೊರಟು ಬದ್ಲಾಪುರದಲ್ಲೋ ವಿರಾರಿನಲ್ಲೋ ಸಾಲ ಮಾಡಿ ಒಂದು ಮನೆ ಕೊಂಡವರಿಗೆ, ಕೊಳ್ಳಲಾಗದೆ ಉಳಿದವರಿಗೆ, ಮನುವಿನ ಆತುರವನ್ನು ಯಾರೂ ವಿವರಿಸಬೇಕಾಗಿಲ್ಲ. ಈ ಊರಿನಲ್ಲಿ ಕುಳಿತು ನೋಡಿದಾಗ ಅವನ ನಿರ್ಧಾರ ಮೂರ್ಖತನವಾಗಿ ಕಾಣಲಿಲ್ಲ. ಬಾಡಿಗೆ ಮನೆಯ ಕರಾರು ಮುಗಿಯುವ ತಿಂಗಳಿನಲ್ಲಿ ನಮ್ಮಲ್ಲಿ ಬಹಳ ಜನ ಮನಸ್ಸಿನಲ್ಲೇ ಮಾಡಿಕೊಳ್ಳುವ ಲೆಕ್ಕಾಚಾರವೇ ಆಗಿ ಕಂಡಿತು.

ಜೈಲಿನ ಭೇಟಿಯ ದೃಶ್ಯಗಳನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಜಾಲರಿಯ ಆಚೆಗೊಬ್ಬ, ಈಚೆಗೊಬ್ಬಳು. ಅಕ್ಕಪಕ್ಕದಲ್ಲಿ ತಮ್ಮ ತಮ್ಮವರೊಂದಿಗೆ ಕೂಗಿ ಮಾತಾಡುತ್ತಿರುವ ಹತ್ತಾರು ಜನ. ಪ್ರೇಮಿಗಳ ಮಾತು ಪಿಸುದನಿಯಲ್ಲಿರಬೇಕೆಂಬ ನಮ್ಮ ಸಿನಿಮಾಗಳ ರೂಢಿಯನ್ನು ಇಲ್ಲಿ ಪೂರ್ತಿ ತಲೆಕೆಳಗು ಮಾಡಲಾಗಿದೆ. ಅತ್ಯಂತ ಖಾಸಗಿಯಾದ ಮಾತನ್ನು ಪ್ರಿಯಾ ಗಂಟಲು ಹರಿಯುವಂತೆ ಕೂಗಿ ಹೇಳಬೇಕಾಗುತ್ತದೆ, ಅದೂ ಅರ್ಧ ಮಾತ್ರ ಆಚೆ ತಲುಪುತ್ತದೆ. ರುಕ್ಮಿಣಿ ವಸಂತ್ ಅವರ ಅಭಿನಯ ನನಗೆ ಆ ವರ್ಷದ ಎಲ್ಲ ಭಾಷೆಗಳ ಅಭಿನಯಗಳಲ್ಲಿ ಮೊದಲನೆಯದು. ಒಂದೊಂದು ಭೇಟಿಗೂ ಆಕೆಯ ಮುಖದಲ್ಲಿ ನಂಬಿಕೆ ಸ್ವಲ್ಪ ಸ್ವಲ್ಪವಾಗಿ ಕರಗುವುದನ್ನು ಕಣ್ಣೀರಿನ ಸಹಾಯವಿಲ್ಲದೆ ತೋರಿಸಿದ್ದಾರೆ. ಮನುವಾಗಿ ರಕ್ಷಿತ್ ಶೆಟ್ಟಿ ತಮ್ಮ ನಾಯಕತನವನ್ನು ಹಿಂದಕ್ಕಿಟ್ಟು ಆಕೆಗೆ ಜಾಗ ಬಿಟ್ಟುಕೊಟ್ಟದ್ದನ್ನು ಮೆಚ್ಚಲೇಬೇಕು. ಅದ್ವೈತ ಗುರುಮೂರ್ತಿಯವರ ಛಾಯಾಗ್ರಹಣದ ನೀಲಿ, ಚರಣ್ ರಾಜ್ ಅವರ ಸಂಗೀತದ ಸಂಯಮ ಎರಡೂ ಕಥೆಯ ಒಳಗಿನಿಂದಲೇ ಬಂದಂತಿವೆ. ಮೆತ್ತಗೆ ಮಾತಾಡುತ್ತಲೇ ಬಡವನ ಕೊರಳಿಗೆ ಹಗ್ಗ ಬಿಗಿಯುವ ಮಧ್ಯವರ್ತಿಯಾಗಿ ಅಚ್ಯುತ್ ಕುಮಾರ್ ಇದ್ದಾರೆ. ಅವರು ನಗುವಾಗಲೇ ಹೆಚ್ಚು ಭಯವಾಗುತ್ತದೆ.

ಸೈಡ್ ಬಿ ನನ್ನನ್ನು ಅಷ್ಟು ತೃಪ್ತಿಪಡಿಸಲಿಲ್ಲ. ಜೈಲಿನಿಂದ ಹೊರಬಂದ ಮನು ಪ್ರಿಯಾಳ ಹೊಸ ಬದುಕನ್ನು ದೂರದಿಂದ ನೋಡುತ್ತ, ಆಕೆಗೆ ತಿಳಿಯದಂತೆ ಅದನ್ನು ಸರಿಪಡಿಸಲು ಹೊರಡುವ ಭಾಗ ಹೃದಯ ಹಿಂಡುವಂತಿದೆ. ಆದರೆ ರಮೇಶ್ ಇಂದಿರಾ ಅವರ ಸೋಮನ ಜೊತೆಗಿನ ಹಗೆತನಕ್ಕೆ ಚಿತ್ರ ಕೊಟ್ಟಿರುವ ಸಮಯ ಬೇರೊಂದು ಸಿನಿಮಾದಿಂದ ತಂದದ್ದು ಅನ್ನಿಸುತ್ತದೆ. ಚೈತ್ರಾ ಆಚಾರ್ ಅವರ ಸುರಭಿಗೆ ತನ್ನದೇ ಆದ ನೋವಿದೆ, ಆಸೆಯಿದೆ. ಚಿತ್ರಕಥೆ ಮಾತ್ರ ಆಕೆಯನ್ನು ಮನುವಿನ ದುಃಖ ಒರೆಸುವ ಕೈಯಾಗಿಯೇ ಹೆಚ್ಚು ಬಳಸಿಕೊಂಡಿದೆ. ಎರಡೂ ಭಾಗಗಳ ನಡುವೆ ಎರಡೂವರೆ ತಿಂಗಳ ಅಂತರವಿಟ್ಟದ್ದರಿಂದಲೂ ನಷ್ಟವಾಯಿತು. ಮೊದಲ ಭಾಗ ಬಿಟ್ಟುಹೋದ ಮೌನ ಅಷ್ಟರಲ್ಲಿ ತಣ್ಣಗಾಗಿತ್ತು.

ಸೈಡ್ ಬಿ ಬಂದ ಮುಂದಿನ ವಾರವೇ, ನವೆಂಬರ್ 24ರಂದು, ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಸ್ವಾತಿ ಮುತ್ತಿನ ಮಳೆ ಹನಿಯೇ’ ಬಿಡುಗಡೆಯಾಯಿತು. ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಆರೈಕೆ ಕೇಂದ್ರ, ಅಲ್ಲಿ ಆಪ್ತಸಮಾಲೋಚಕಿಯಾಗಿರುವ ಪ್ರೇರಣಾ, ಅಲ್ಲಿಗೆ ಬರುವ ಅನಿಕೇತ್. ಸಾವಿನ ಬಗ್ಗೆ ಸಿನಿಮಾ ಮಾಡುವವರು ಸಾಮಾನ್ಯವಾಗಿ ನಮ್ಮನ್ನು ಅಳಿಸಲು ಹವಣಿಸುತ್ತಾರೆ. ಇಲ್ಲಿ ಅಂಥ ಯಾವ ಪ್ರಯತ್ನವೂ ಇಲ್ಲ. ದಿನವೂ ಸಾಯುವವರ ಮಧ್ಯೆ ಇದ್ದು ಇದ್ದು ಒಳಗೇ ಮರಗಟ್ಟಿಹೋದ ಹೆಣ್ಣೊಬ್ಬಳು ಮತ್ತೆ ಉಸಿರಾಡಲು ಕಲಿಯುವುದನ್ನು ಸಿರಿ ರವಿಕುಮಾರ್ ನಿಂತ ನಿಲುವಿನಲ್ಲಿ, ತಲೆ ತಿರುಗಿಸುವ ನಿಧಾನದಲ್ಲಿ ಕಾಣಿಸಿದ್ದಾರೆ. ಕ್ಯಾಮೆರಾ ಕದಲದೆ ಕಾಯುತ್ತದೆ. ಮಾತು ಕೆಲವೆಡೆ ಬರೆದು ಓದಿದಂತಿದೆ ಎಂಬ ಆಕ್ಷೇಪ ನನಗೂ ಇದೆ, ಆದರೂ ಈ ಚಿತ್ರವನ್ನು ನಿರ್ಮಿಸಿದ ರಮ್ಯಾ ಅವರ ಧೈರ್ಯವನ್ನು ಮೆಚ್ಚುತ್ತೇನೆ. ಡಿಸೆಂಬರ್ 1ಕ್ಕೆ ‘ಅನಿಮಲ್’ ಬಂದ ಮೇಲೆ ಇಂಥ ಚಿತ್ರಕ್ಕೆ ಈ ಮಹಾನಗರದಲ್ಲಿ ಎಲ್ಲಿ ಜಾಗ? ರಾಜ್ ಶೆಟ್ಟರದ್ದೇ ಕಥನಲೋಕದ ‘ಟೋಬಿ’ ಆಗಸ್ಟಿನಲ್ಲಿ ಬಂದಿತ್ತು. ಮಾತಿಲ್ಲದ ಟೋಬಿಯಾಗಿ ಅವರ ದೇಹಭಾಷೆ ಅಸಾಧಾರಣವಾದುದು, ಟಿ. ಕೆ. ದಯಾನಂದ್ ಅವರ ಮೂಲಕಥೆಯ ಕ್ರೌರ್ಯ ಮತ್ತು ಕರುಣೆ ಮೊದಲರ್ಧದಲ್ಲಿ ಬಿಗಿಯಾಗಿ ಹೆಣೆದುಕೊಂಡಿದ್ದವು, ಉತ್ತರಾರ್ಧದಲ್ಲಿ ಹೊಡೆದಾಟ ಅವುಗಳನ್ನು ಸಡಿಲಗೊಳಿಸಿತು.

ಜುಲೈ ತಿಂಗಳು ನನಗೆ ತುಂಬ ಸಂತೋಷ ಕೊಟ್ಟಿತು. ನಿತಿನ್ ಕೃಷ್ಣಮೂರ್ತಿಯವರ ‘ಹಾಸ್ಟೆಲ್ ಹುಡುಗರು’ ಒಂದೇ ರಾತ್ರಿಯ, ಒಂದೇ ಕಟ್ಟಡದ ಕಥೆ; ವಾರ್ಡನ್ ಸತ್ತುಬಿದ್ದಿದ್ದಾನೆ, ಹುಡುಗರಿಗೆ ಏನು ಮಾಡಬೇಕೆಂದು ತೋಚುತ್ತಿಲ್ಲ. ಹೆಚ್ಚಿನವರು ಹೊಸಮುಖಗಳು. ಕ್ಯಾಮೆರಾ, ಸಂಕಲನ, ಸಂಗೀತ ಮೂರೂ ಹುಡುಗರ ಹಿಂದೆಯೇ ಓಡುತ್ತವೆ. ಮಧ್ಯದಲ್ಲಿ ಗದ್ದಲ ಹೆಚ್ಚಾಗಿ ದಣಿವಾಗುತ್ತದೆ, ಆದರೆ ಕನ್ನಡದಲ್ಲಿ ಇಷ್ಟು ನಿರ್ಭಿಡೆಯ ಹಾಸ್ಯವನ್ನು ನೋಡಿ ಬಹುಕಾಲವಾಗಿತ್ತು. ಒಂದು ವಾರದ ಬಳಿಕ ಬಂದ ‘ಆಚಾರ್ ಅಂಡ್ ಕೋ’ ಇದಕ್ಕೆ ನೇರ ವಿರುದ್ಧ ಸ್ವಭಾವದ್ದು. ಹತ್ತು ಮಕ್ಕಳ ತುಂಬು ಕುಟುಂಬ, ಹಳೆಯ ಜಯನಗರ, ಹೆಣ್ಣುಮಕ್ಕಳ ಮದುವೆಯೇ ದಿನದ ಚಿಂತೆ. ನಿರ್ದೇಶಿಸಿ ನಟಿಸಿದ ಸಿಂಧು ಶ್ರೀನಿವಾಸಮೂರ್ತಿ ಆ ಕಾಲವನ್ನು ಸೀರೆ, ಪಾತ್ರೆ, ಪೀಠೋಪಕರಣಗಳ ಪ್ರದರ್ಶನವಾಗಿಸದೆ, ಅಕ್ಕತಂಗಿಯರ ಜಗಳದಲ್ಲಿ, ಅಮ್ಮನ ಸುಸ್ತಿನಲ್ಲಿ ಜೀವಂತವಾಗಿಸಿದರು. ಮಾಟುಂಗಾದ ಹಳೆಯ ಕಟ್ಟಡಗಳಲ್ಲಿ ಬೆಳೆದ ನನ್ನ ಅತ್ತಿಗೆ ಇದನ್ನು ನೋಡಿ, ‘ನಮ್ಮ ಮನೆಯನ್ನೇ ಇವರು ಎಲ್ಲಿಂದ ನೋಡಿದರು?’ ಎಂದರು. ಬಿಂದುಮಾಲಿನಿಯವರ ಸಂಗೀತಕ್ಕಾಗಿ ಇನ್ನೊಮ್ಮೆ ನೋಡಬಹುದು.

‘ಡೇರ್‌ಡೆವಿಲ್ ಮುಸ್ತಫಾ’ ಮೇ 19ಕ್ಕೆ ಬಂದದ್ದು ನಮ್ಮ ಪುಣ್ಯ, ಏಕೆಂದರೆ ಮಕ್ಕಳ ರಜೆಗೆ ಊರಿಗೆ ಹೋಗಿದ್ದವರು ಅದನ್ನು ಅಲ್ಲೇ ನೋಡಬಹುದಾಗಿತ್ತು. ನಾನು ಉಡುಪಿಯಲ್ಲಿ, ಕನ್ನಡ ಓದಲು ಬಾರದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ತೇಜಸ್ವಿಯವರ ಸಣ್ಣಕಥೆಯನ್ನು ಅವರ ಓದುಗರೇ ಹಣ ಕೂಡಿಸಿ ಚಿತ್ರವಾಗಿಸಿದರು. ನಿರ್ದೇಶಕ ಶಶಾಂಕ್ ಸೋಗಾಲ್ ಅಬಚೂರಿನ ಕಾಲೇಜಿಗೆ ಬರುವ ಏಕೈಕ ಮುಸ್ಲಿಂ ಹುಡುಗನ ಬಗ್ಗೆ ಸಹಪಾಠಿಗಳಿಗಿರುವ ಭಯ, ಕುತೂಹಲ, ಪೂರ್ವಗ್ರಹಗಳನ್ನು ಉಪದೇಶದ ಭಾರವಿಲ್ಲದೆ ನಗುವಾಗಿಸಿದ್ದಾರೆ. ಕ್ರಿಕೆಟ್ ಪಂದ್ಯ ಸ್ವಲ್ಪ ಉದ್ದವಾಯಿತು. ಮಗಳಿಗೆ ಮಾತ್ರ ಅದೇ ಇಷ್ಟ. ಊರಿಂದ ಬಂದ ಮೇಲೆ ಆ ಕಥೆಯನ್ನು ಓದಿ ಹೇಳಬೇಕೆಂದು ಹಟ ಹಿಡಿದಳು, ಹೇಳಿದ್ದೇನೆ. ಮಂಸೋರೆಯವರ ‘19.20.21’ ವ್ಯವಸ್ಥೆಯ ಎದುರು ಒಂಟಿಯಾಗಿ ನಿಂತ ಬಡವರ ಕಥೆ, ಪೃಥ್ವಿ ಕೊಣನೂರರ ‘ಪಿಂಕಿ ಎಲ್ಲಿ?’ ಕಳೆದುಹೋದ ಮಗುವಿನ ಹುಡುಕಾಟದ ಕಥೆ. ಮೊದಲನೆಯದರ ಕಾಳಜಿ ದೊಡ್ಡದು, ಎರಡನೆಯದರ ಕಸುಬು ದೊಡ್ಡದು. ಬೆಳಗಾವಿಯಲ್ಲಿ ನಡೆಯುವ ‘ಗುರುದೇವ ಹೊಯ್ಸಳ’ದಲ್ಲಿ ನೆನಪುಳಿಯುವುದು ಖಳನಾಗಿ ನವೀನ್ ಶಂಕರ್ ತಂದ ಬಿಸಿ.

ಅಬ್ಬರದ ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮಾರ್ಚಿನಲ್ಲಿ ಹಲವು ಭಾಷೆಗಳಲ್ಲಿ ಬಂದ ‘ಕಬ್ಜ’, ಬೇರೊಂದು ಯಶಸ್ವಿ ಚಿತ್ರದ ಕತ್ತಲೆ, ಹೊಗೆ, ಹಿನ್ನೆಲೆಯ ಗರ್ಜನೆಗಳನ್ನು ತಂದುಕೊಂಡಿತು, ಮನುಷ್ಯರನ್ನು ತರಲಿಲ್ಲ. ‘ಘೋಸ್ಟ್’ನಲ್ಲಿ ಶಿವರಾಜ್‌ಕುಮಾರ್ ಅವರ ಗಾಂಭೀರ್ಯ ಒಂದೇ ಆಕರ್ಷಣೆ. ಡಿಸೆಂಬರ್ 22ರ ‘ಸಲಾರ್’ ನಿರ್ಮಾಪಕರು ನಮ್ಮವರು, ನಿರ್ದೇಶಕ ಪ್ರಶಾಂತ್ ನೀಲ್ ನಮ್ಮವರು, ಛಾಯಾಗ್ರಾಹಕ ಮತ್ತು ಸಂಗೀತ ನಿರ್ದೇಶಕ ಕೂಡ ನಮ್ಮವರು. ಚಿತ್ರ ಮಾತ್ರ ತೆಲುಗಿನದು, ಕನ್ನಡಕ್ಕೆ ಡಬ್ ಆಗಿ ಬಂದದ್ದು. ಇದು ನನಗೆ ನೋವು ತಂದ ಸಂಗತಿ.

ವರ್ಷದ ಕೊನೆಯ ಶುಕ್ರವಾರ, ಡಿಸೆಂಬರ್ 29ರಂದು, ಬಂದ ತರುಣ್ ಸುಧೀರ್ ನಿರ್ದೇಶನದ ‘ಕಾಟೇರ’ವನ್ನು ಈ ಅಬ್ಬರದ ಸಾಲಿಗೆ ಸೇರಿಸಿಬಿಡುವುದು ಸುಲಭ; ಹೊಡೆದಾಟಗಳ ಉದ್ದ ನೋಡಿದರೆ ಸೇರಿಸಬೇಕಾದದ್ದೇ. ಆದರೆ ಅದರ ನಡುವಿನ ವಸ್ತು ಉಳುವವನೇ ಹೊಲದೊಡೆಯ ಕಾನೂನು. ಬೆಳೆದದ್ದರಲ್ಲಿ ದೊಡ್ಡ ಪಾಲನ್ನು ಧಣಿಯ ಅಂಗಳಕ್ಕೆ ಸುರಿದು ಬರಿಗೈಯಲ್ಲಿ ಮರಳುವ ಒಕ್ಕಲುಗಳ ದೃಶ್ಯಗಳನ್ನು ನೋಡುವಾಗ ನನ್ನ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಪಕ್ಕದವರಿಗೆ ‘ಡಿಕ್ಲರೇಶನ್’ ಕಾಲದ, ಅಂದರೆ ಉಳುವ ಭೂಮಿ ತಮಗೆ ಸೇರಬೇಕೆಂದು ಒಕ್ಕಲುಗಳು ಅರ್ಜಿ ಹಾಕಿದ ಕಾಲದ, ಮಾತು ಹೇಳತೊಡಗಿದರು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ 1974ರಲ್ಲಿ ಜಾರಿಗೆ ಬರುವ ಮೊದಲು, ಗೇಣಿ ಕೊಟ್ಟು ಮುಗಿಸಲಾಗದೆ ಮುಂಬೈ ಬಸ್ಸು ಹತ್ತಿ, ಇಲ್ಲಿನ ಹೋಟೆಲುಗಳಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರಿಗೆ ಈ ಚಿತ್ರದ ಗೇಣಿ, ಒಕ್ಕಲು, ಧಣಿ ಯಾವುದೂ ಹಳೆಯ ಕಥೆಯಲ್ಲ. ಆ ಭಾಗಕ್ಕೆ ನಿರ್ದೇಶಕರು ಇನ್ನೊಂದು ಅರ್ಧ ಗಂಟೆ ಕೊಟ್ಟು, ಭೂನ್ಯಾಯಮಂಡಳಿಯ (ಟ್ರಿಬ್ಯೂನಲ್) ಎದುರು ನಿಂತು ತನ್ನ ಗದ್ದೆ ತನ್ನದೆಂದು ಸಾಬೀತು ಮಾಡಬೇಕಾದ ರೈತನ ಕಷ್ಟವನ್ನು ಪೂರ್ತಿಯಾಗಿ ತೋರಿಸಿದ್ದರೆ, ಸಪ್ತ ಸಾಗರದ ಮೊದಲ ಭಾಗದ ಪಕ್ಕದಲ್ಲಿಯೇ ಇದನ್ನೂ ಇಡುತ್ತಿದ್ದೆ.